ಕಾರ್ಡು ಬಂತು, ಆಸ್ಪತ್ರೆಗಳ ನಡುವೆ ಪೈಪೋಟಿ ಬಂತಾ?

ಪ್ರಶ್ನೆ:

ಮೇಡಂ, ನಮಸ್ಕಾರ. ನಾನು ಕೊಪ್ಪಳ ಜಿಲ್ಲೆಯವನು. ಹೋದ ವರ್ಷ ನಮ್ಮ ಅವ್ವನಿಗೆ ಪಿತ್ತಕೋಶದಲ್ಲಿ ಕಲ್ಲು ಇದೆ ಅಂತ ಗೊತ್ತಾಯಿತು. ಆ ಆಪರೇಷನ್ ಇಲ್ಲಿ ಆಗಲ್ಲ ಎಂದು ತಾಲೂಕು ಆಸ್ಪತ್ರೆಯವರು ರೆಫರಲ್ ಬರೆದುಕೊಟ್ಟರು. ನಮ್ಮದು ಬಿಪಿಎಲ್ ಕಾರ್ಡು. ಒಂದು ಖಾಸಗಿ ಆಸ್ಪತ್ರೆಯಲ್ಲಿ ಆಯುಷ್ಮಾನ್ ಯೋಜನೆಯಡಿ ಆಪರೇಷನ್ ಆಯಿತು, ಚೆನ್ನಾಗಿಯೇ ಆಯಿತು. ಆದರೆ ಹೊರಗಿನ ಔಷಧ, ಸ್ಕ್ಯಾನಿಂಗ್ ಅಂತ 8,000 ರೂಪಾಯಿ ತಗೊಂಡರು. ರಸೀದಿ ಕೊಡಲಿಲ್ಲ. ಸರ್ಕಾರ ಇಷ್ಟೊಂದು ದುಡ್ಡು ಕೊಡುತ್ತಿರುವಾಗ ಆಸ್ಪತ್ರೆಗಳ ನಡುವೆ ಪೈಪೋಟಿ ಹುಟ್ಟಿ ಚಿಕಿತ್ಸೆ ಸುಧಾರಿಸಬೇಕಿತ್ತು ಅಲ್ವಾ? ಅದೇ ದುಡ್ಡನ್ನು ಜಿಲ್ಲಾಸ್ಪತ್ರೆಗೇ ಕೊಟ್ಟಿದ್ದರೆ ಒಳ್ಳೆಯದಿತ್ತೇನೋ?

ಉತ್ತರ:

ನಿಮ್ಮ 8,000 ರೂಪಾಯಿಯಿಂದಲೇ ಶುರು ಮಾಡುತ್ತೇನೆ. ಪೈಪೋಟಿಯ ಕಥೆಯೂ ಅದರೊಳಗೇ ಇದೆ.

ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಸರ್ಕಾರ ಆಸ್ಪತ್ರೆಗೆ ದುಡ್ಡು ಕೊಡುವುದು ಪ್ಯಾಕೇಜ್ ಲೆಕ್ಕದಲ್ಲಿ. ಪಿತ್ತಕೋಶ ತೆಗೆದರೆ ಇಷ್ಟು, ಸ್ಟೆಂಟ್ ಹಾಕಿದರೆ ಇಷ್ಟು. ಬೆಡ್ಡು, ಥಿಯೇಟರ್, ಅರಿವಳಿಕೆ, ಔಷಧ, ಪರೀಕ್ಷೆ, ಊಟ ಎಲ್ಲಾ ಆ ಇಷ್ಟರೊಳಗೇ ಮುಗಿಯಬೇಕು. ಡಿಸ್ಚಾರ್ಜ್ ಆದಮೇಲಿನ 15 ದಿನದ ಔಷಧವೂ ಅದರಲ್ಲೇ ಸೇರಿದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಈ ಸೌಲಭ್ಯವಿದೆ. ಎಪಿಎಲ್ ಕಾರ್ಡಿನವರಿಗಾದರೆ ಸರ್ಕಾರ ಕೊಡುವುದು ಪ್ಯಾಕೇಜಿನ 30% ಮಾತ್ರ, ಉಳಿದದ್ದು ಅವರೇ ಕಟ್ಟಬೇಕು. ನಿಮ್ಮದು ಬಿಪಿಎಲ್. ಹಾಗಾಗಿ ಆ ಪ್ಯಾಕೇಜಿಗೆ ಸೇರಿದ ಔಷಧಕ್ಕೆ, ಸ್ಕ್ಯಾನಿಂಗಿಗೆ ನಿಮ್ಮಿಂದ ಒಂದು ರೂಪಾಯಿಯನ್ನೂ ತಗೊಳ್ಳುವ ಹಾಗಿರಲಿಲ್ಲ.

ಹಾಗಿದ್ದರೂ ಯಾಕೆ ತಗೊಂಡರು? ದುರಾಸೆ ಅಂದುಬಿಟ್ಟರೆ ಉತ್ತರ ಸುಲಭವಾಗಿ ಮುಗಿಯುತ್ತದೆ, ಎಷ್ಟೋ ಕಡೆ ಅದು ನಿಜವೂ ಹೌದು. ಆದರೆ ಇನ್ನೊಂದು ಬದಿಯೂ ಇದೆ.

ಆಸ್ಪತ್ರೆಗಳ ಹಣಕಾಸು ನೋಡುವುದು ನನ್ನ ಕೆಲಸ. ಒಂದು ಜಿಲ್ಲಾ ಕೇಂದ್ರದಲ್ಲಿ ಸಣ್ಣ ನರ್ಸಿಂಗ್ ಹೋಮ್ ನಡೆಸುವ ಸರ್ಜನ್ ಒಬ್ಬರು ನನಗೆ ತಮ್ಮ ಲೆಕ್ಕದ ಪುಸ್ತಕ ತೋರಿಸಿದ್ದರು. ಎಡ ಪುಟದಲ್ಲಿ ಕೈಯಿಂದ ದುಡ್ಡು ಕಟ್ಟುವ ರೋಗಿಗಳು, ಬಲ ಪುಟದಲ್ಲಿ ‘ಸ್ಕೀಮ್’ ರೋಗಿಗಳು. ಬಲ ಪುಟದಲ್ಲಿ ಪ್ರತಿ ಹೆಸರಿನ ಮುಂದೆ ಮೂರು ದಿನಾಂಕದ ಕಾಲಂ: ಆಪರೇಷನ್ ಆದದ್ದು, ಕ್ಲೇಮ್ ಹಾಕಿದ್ದು, ದುಡ್ಡು ಬಂದದ್ದು. ಮೂರನೆಯ ಕಾಲಂ ಬಹಳ ಕಡೆ ಖಾಲಿ. ಅಲ್ಲಲ್ಲಿ ಪೆನ್ಸಿಲ್ಲಿನಲ್ಲಿ ‘ಕಡಿತ’, ‘ಫೋಟೋ ಸಾಲದಂತೆ’, ‘ರಿಪೋರ್ಟ್ ಮತ್ತೆ ಕೇಳಿದ್ದಾರೆ’ ಎಂಬ ಟಿಪ್ಪಣಿ. “ಹೊಲಿಗೆ ದಾರದವನು, ಆಕ್ಸಿಜನ್ ಸಿಲಿಂಡರಿನವನು ಆರು ತಿಂಗಳು ಕಾಯಲ್ಲ ಮೇಡಂ” ಅಂದರು. ಪ್ಯಾಕೇಜ್ ದರ ಕಾಗದದ ಮೇಲೆ ಎಷ್ಟೇ ಇರಲಿ, ದುಡ್ಡು ತಡವಾಗಿ ಬಂದರೆ ದರ ಇಳಿಸಿದ ಹಾಗೆಯೇ. ಆ ಮಧ್ಯೆ ಅವರು ಸಾಲ ತಂದು ಬಡ್ಡಿ ಕಟ್ಟುತ್ತಿರುತ್ತಾರೆ.

ಇಂಥ ಇಕ್ಕಟ್ಟಿನಲ್ಲಿ ಆಸ್ಪತ್ರೆಗೆ ಮೂರು ದಾರಿ. ಕಾರ್ಡಿನವರಿಗೆ ‘ಬೆಡ್ ಇಲ್ಲ’ ಅನ್ನುವುದು ಒಂದು. ರೋಗಿಯ ಕೈಯಿಂದ ಒಳಗೊಳಗೇ ವಸೂಲಿ ಮಾಡುವುದು ಇನ್ನೊಂದು. ಮೂರನೆಯದು, ರೋಗಿಯ ಕಣ್ಣಿಗೆ ಬೀಳದ ಕಡೆ ಕೈ ಬಿಗಿ ಹಿಡಿಯುವುದು. ಅಂದರೆ ರಾತ್ರಿ ಪಾಳಿಗೆ ಇಬ್ಬರು ನರ್ಸ್ ಇರಬೇಕಾದ ಕಡೆ ಒಬ್ಬರನ್ನೇ ಇಡುವುದು, ಒಮ್ಮೆ ಬಳಸಿ ಎಸೆಯಬೇಕಾದದ್ದನ್ನು ತೊಳೆದು ಮತ್ತೆ ಬಳಸುವುದು. ನಿಮ್ಮ ಆಸ್ಪತ್ರೆಯವರು ಎರಡನೆಯ ದಾರಿ ಹಿಡಿದ ಹಾಗೆ ಕಾಣುತ್ತದೆ. ರಾಜಸ್ಥಾನದ ಭಾಮಾಶಾ ಎಂಬ ಸರ್ಕಾರಿ ಆರೋಗ್ಯ ವಿಮೆ ಯೋಜನೆಯಲ್ಲೂ ಇದೇ ಆಯಿತು. ಉಚಿತ ಎಂದು ಹೇಳಿದ ಚಿಕಿತ್ಸೆಗೆ ಆಸ್ಪತ್ರೆಗಳು ರೋಗಿಗಳಿಂದ ದುಡ್ಡು ತಗೊಳ್ಳುತ್ತಿದ್ದವು. ಸರ್ಕಾರ ಪ್ಯಾಕೇಜ್ ದರ ಏರಿಸಿದಾಗ ಈ ವಸೂಲಿ ಇಳಿಯಿತು, ಆದರೆ ದರ ಏರಿದಷ್ಟು ಇಳಿಯಲಿಲ್ಲ. ಹೆಚ್ಚಿಗೆ ಕೊಟ್ಟದ್ದರಲ್ಲಿ ದೊಡ್ಡ ಪಾಲು ಆಸ್ಪತ್ರೆಯಲ್ಲೇ ಉಳಿಯಿತು. ಹಾಗಾಗಿ ‘ದರ ಏರಿಸಿ, ಎಲ್ಲಾ ಸರಿಹೋಗುತ್ತದೆ’ ಎಂದು ಆಸ್ಪತ್ರೆ ಮಾಲೀಕರು ಹೇಳಿದಾಗ ನಾನು ಅರ್ಧವೇ ಒಪ್ಪುತ್ತೇನೆ.

ಇನ್ನು ಪೈಪೋಟಿ. ಮಂಗಳೂರು - ಉಡುಪಿ ನಡುವೆ ಖಾಸಗಿ ಬಸ್ಸಿನಲ್ಲಿ ಹೋಗಿದ್ದೀರಾ? ಟಿಕೆಟ್ ದರ ಸರ್ಕಾರವೇ ಗೊತ್ತು ಮಾಡಿದ್ದು, ಬಸ್ಸುಗಳು ಬೇಕಾದಷ್ಟು. ಹಾಗಾದರೆ ಅವರು ಯಾವುದರಲ್ಲಿ ಸ್ಪರ್ಧೆ ಮಾಡುತ್ತಾರೆ? ಯಾರು ಮೊದಲು ಸ್ಟಾಪಿಗೆ ಬರುತ್ತಾರೆ, ಯಾರು ಬೇಗ ಮುಟ್ಟಿಸುತ್ತಾರೆ, ಯಾರ ಸೀಟು ಚೆನ್ನಾಗಿದೆ ಅನ್ನುವುದರಲ್ಲಿ. ಬ್ರೇಕ್ ಹೇಗಿದೆ ಎಂದು ಪ್ರಯಾಣಿಕ ಬಗ್ಗಿ ನೋಡುವುದಿಲ್ಲ. ಆಸ್ಪತ್ರೆಯೂ ಹಾಗೇ. ಸರ್ಕಾರ ದರ ಕಟ್ಟಿಹಾಕಿ ದುಡ್ಡನ್ನು ರೋಗಿಯ ಜೊತೆ ಕಳಿಸಿದರೆ ಆಸ್ಪತ್ರೆಗಳು ರೋಗಿಗಾಗಿ ಓಡುತ್ತವೆ. ಆದರೆ ಅವು ಸುಧಾರಿಸುವುದು ರೋಗಿಗೆ ಕಾಣುವುದನ್ನು. ರಿಸೆಪ್ಷನ್ ಸುಧಾರಿಸುತ್ತದೆ, ಕಾಯುವ ಹೊತ್ತು ಕಡಿಮೆಯಾಗುತ್ತದೆ, ಆಂಬುಲೆನ್ಸ್ ಮನೆ ಬಾಗಿಲಿಗೆ ಬರುತ್ತದೆ. ಆಪರೇಷನ್ ಆದ ಗಾಯ ಕೀವಾಗುವ ಪ್ರಮಾಣ ಆ ಆಸ್ಪತ್ರೆಯಲ್ಲಿ ಎಷ್ಟು? ಅದು ಯಾವ ಬೋರ್ಡಿನಲ್ಲೂ ಇರುವುದಿಲ್ಲ.

ಇದು ಬರೀ ಊಹೆಯಲ್ಲ. ಇಂಗ್ಲೆಂಡಿನಲ್ಲಿ ಎರಡು ಸಲ ಪ್ರಯೋಗವೇ ನಡೆದುಹೋಗಿದೆ. 1991ರಲ್ಲಿ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯೊಳಗೆ ಒಂದು ಮಾರುಕಟ್ಟೆ ತಂದರು. ಆರೋಗ್ಯ ಸೇವೆಯ ದುಡ್ಡು ಕೈಯಲ್ಲಿದ್ದವರು ಆಸ್ಪತ್ರೆಗಳ ಜೊತೆ ಚೌಕಾಸಿ ಮಾಡಿ ಚಿಕಿತ್ಸೆ ಕೊಳ್ಳಬೇಕು. ದರವೂ ಚೌಕಾಸಿಗೆ ಬಿಟ್ಟದ್ದು. ಗುಣಮಟ್ಟದ ಅಂಕಿಅಂಶ ಹೊರಗೆ ಸಿಗುತ್ತಿರಲಿಲ್ಲ. ಏನಾಯಿತು? ಪೈಪೋಟಿ ಜಾಸ್ತಿ ಇದ್ದ ಕಡೆ ಕಾಯುವ ಪಟ್ಟಿ ಚಿಕ್ಕದಾಯಿತು. ಅದೇ ಕಡೆ ಹಾರ್ಟ್ ಅಟ್ಯಾಕ್ ಆಗಿ ಬಂದವರ ಸಾವು ಹೆಚ್ಚಾಯಿತು. ಅಳೆಯುವುದು ಸುಧಾರಿಸಿತು, ಅಳೆಯದ್ದು ಸೊರಗಿತು.

ಎರಡನೆಯ ಸಲ 2006ರಲ್ಲಿ. ಈ ಸಲ ದರ ಎಲ್ಲರಿಗೂ ಒಂದೇ, ಚೌಕಾಸಿ ಇಲ್ಲ. ಯಾವ ಆಸ್ಪತ್ರೆ ಬೇಕು ಎಂದು ರೋಗಿಯೇ ಆರಿಸಿಕೊಳ್ಳಬಹುದು, ಆಸ್ಪತ್ರೆಗಳ ಬಗ್ಗೆ ಮಾಹಿತಿಯೂ ಸಿಗುತ್ತದೆ. ಅಕ್ಕಪಕ್ಕ ಹೆಚ್ಚು ಆಸ್ಪತ್ರೆಗಳಿದ್ದ ಕಡೆ ಹಾರ್ಟ್ ಅಟ್ಯಾಕ್ ಸಾವುಗಳು ಈಗ ಕಡಿಮೆಯಾದವು, ಖರ್ಚೂ ಏರಲಿಲ್ಲ. ಎರಡೂ ಅಧ್ಯಯನಗಳಲ್ಲಿ ಕ್ಯಾರಲ್ ಪ್ರೊಪ್ಪರ್ ಎಂಬ ಅರ್ಥಶಾಸ್ತ್ರಜ್ಞೆ ಇದ್ದರು. ಹಾರ್ಟ್ ಅಟ್ಯಾಕನ್ನೇ ಯಾಕೆ ನೋಡಿದರು ಅಂದರೆ, ಎದೆ ಹಿಡಿದುಕೊಂಡವನು ಆಸ್ಪತ್ರೆ ಆರಿಸುತ್ತಾ ಕೂರುವುದಿಲ್ಲ, ಹತ್ತಿರದ್ದಕ್ಕೆ ಹೋಗುತ್ತಾನೆ. ಅವನು ಬದುಕಿದನಾ ಇಲ್ಲವಾ ಅನ್ನುವುದರಲ್ಲಿ ಇಡೀ ಆಸ್ಪತ್ರೆಯ ಶಿಸ್ತು ಗೊತ್ತಾಗುತ್ತದೆ. ಅನ್ನ ಬೆಂದಿದೆಯಾ ನೋಡಲು ಒಂದು ಅಗುಳು ಹಿಸುಕಿದ ಹಾಗೆ.

ನಮ್ಮ ರಾಜ್ಯದಲ್ಲಿ ದರ ಕಟ್ಟಿಹಾಕಿದ್ದಾರೆ, ಅದು ಸರಿ. ಉಳಿದೆರಡು ಇಲ್ಲ. ಮಾಹಿತಿ ಇಲ್ಲ. ಆಯ್ಕೆಯೂ ಹೆಸರಿಗೆ ಮಾತ್ರ. ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಕಾರ್ಡ್ ಹಿಡಿದು ಇನ್ನೊಂದು ಬಾಗಿಲು ತಟ್ಟಬಹುದು. ಕೊಪ್ಪಳದಲ್ಲಿ, ಯಾದಗಿರಿಯಲ್ಲಿ ಹೃದಯದ ಆಪರೇಷನ್ನಿಗೆ ಇನ್ನೊಂದು ಬಾಗಿಲು ಅಂದರೆ ಇನ್ನೊಂದು ಜಿಲ್ಲೆಗೆ ಬಸ್ಸು ಹತ್ತುವುದು, ಲಾಡ್ಜ್ ಹುಡುಕುವುದು, ಕೂಲಿ ಬಿಡುವುದು. ಒಂದೇ ಆಸ್ಪತ್ರೆ ಇರುವ ಊರಲ್ಲಿ ನೀವು ಎಷ್ಟೇ ಸಬ್ಸಿಡಿ ಕೊಡಿ, ಪೈಪೋಟಿ ಹುಟ್ಟುವುದಿಲ್ಲ.

ಹಾಗಂತ ಕಾರ್ಡಿನಿಂದ ಏನೂ ಆಗಿಲ್ಲ ಅನ್ನಬೇಡಿ. ನಿಮ್ಮ ಕಡೆಯ ಕಥೆಯನ್ನೇ ಹೇಳುತ್ತೇನೆ. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಎಂಬ ರಾಜ್ಯ ಸರ್ಕಾರದ ಯೋಜನೆ ಶುರುವಾದದ್ದು ಕಲಬುರಗಿ ವಿಭಾಗದಲ್ಲಿ. ನಿಮ್ಮ ಜಿಲ್ಲೆಯೂ ಅದರಲ್ಲಿ ಬರುತ್ತದೆ. ಹೃದಯ, ಕ್ಯಾನ್ಸರ್, ನರ, ಸುಟ್ಟಗಾಯದಂಥ ದೊಡ್ಡ ಚಿಕಿತ್ಸೆಗಳು ಬಡವರಿಗೆ ಉಚಿತ. ಯೋಜನೆ ಬಂದ ಹಳ್ಳಿಗಳನ್ನೂ, ಗಡಿಯಾಚೆ ಇನ್ನೂ ಬಾರದ ಹಳ್ಳಿಗಳನ್ನೂ ಅಕ್ಕಪಕ್ಕ ಇಟ್ಟು ನೀರಜ್ ಸೂದ್ ಎಂಬ ಸಂಶೋಧಕರು ಮತ್ತು ಅವರ ತಂಡ ಅಧ್ಯಯನ ಮಾಡಿತು. ಒಟ್ಟು 572 ಹಳ್ಳಿ, ಸುಮಾರು 60,000 ಮನೆ. ಯೋಜನೆ ವ್ಯಾಪ್ತಿಯ ಕಾಯಿಲೆಗಳಿಂದ ಆದ ಸಾವು, ಯೋಜನೆ ಇದ್ದ ಕಡೆಯ ಬಡ ಮನೆಗಳಲ್ಲಿ 0.32%, ಇಲ್ಲದ ಕಡೆ 0.90%. 2014ರಲ್ಲಿ ಪ್ರಕಟವಾದ ಈ ಅಂಕಿ ನೋಡಿ ಇಷ್ಟೊಂದು ವ್ಯತ್ಯಾಸವಾ ಎಂದು ಹುಬ್ಬೇರಿಸಿದವರಿದ್ದಾರೆ. ನಾನೂ ಏರಿಸಿದ್ದೆ. ಅದೇ ತಂಡದ ಮುಂದಿನ ಕೆಲಸದಲ್ಲಿ, ಯೋಜನೆಯಡಿ ಚಿಕಿತ್ಸೆ ಪಡೆದವರಿಗೆ ಆಮೇಲೆ ಸೋಂಕು ತಗುಲಿದ್ದು, ಮತ್ತೆ ಆಸ್ಪತ್ರೆ ಸೇರಿದ್ದು ಕೂಡ ಕಡಿಮೆ ಎಂದು ಕಂಡಿತು.

ಇದರಲ್ಲಿ ಪೈಪೋಟಿಯ ಪಾಲು ಎಷ್ಟು? ಸ್ವಲ್ಪ ಇದೆ. ರೋಗಿ ಬಂದರೆ ಮಾತ್ರ ದುಡ್ಡು ಎಂದಾದಾಗ ದೊಡ್ಡ ಆಸ್ಪತ್ರೆಗಳೇ ಹಳ್ಳಿಗೆ ಬಂದು ಕ್ಯಾಂಪ್ ಹಾಕಿದವು, ರೋಗಿಗಳನ್ನು ಕರೆದುಕೊಂಡು ಹೋದವು. ಆದರೆ ನನ್ನ ಅಂದಾಜಿನಲ್ಲಿ ಬಹುಪಾಲು ಲಾಭ ಬಾಗಿಲು ತೆರೆದದ್ದರಿಂದಲೇ ಬಂತು. ಮೊದಲು ಹೋಗಲೇ ಆಗದ ಜಾಗಕ್ಕೆ ಜನ ಹೋದರು, ಅಷ್ಟೇ. ಎರಡು ಆಸ್ಪತ್ರೆಗಳು ಒಬ್ಬರನ್ನೊಬ್ಬರು ಮೀರಿಸಲು ಹೋಗಿ ಉತ್ತಮವಾದವು ಅನ್ನುವುದು ಬೇರೆ ಮಾತು.

ಅದೇ ಕ್ಯಾಂಪಿಗೆ ಇನ್ನೊಂದು ಮುಖವೂ ಇದೆ. ನವೆಂಬರ್ 2024ರಲ್ಲಿ ಅಹಮದಾಬಾದಿನ ಒಂದು ಖಾಸಗಿ ಆಸ್ಪತ್ರೆ ಹಳ್ಳಿಯೊಂದರಲ್ಲಿ ಕ್ಯಾಂಪ್ ಮಾಡಿ 19 ಜನರನ್ನು ನಗರಕ್ಕೆ ಕರೆತಂದಿತು. ಏಳು ಮಂದಿಗೆ ಸ್ಟೆಂಟ್ ಹಾಕಿದರು. ಇಬ್ಬರು ತೀರಿಕೊಂಡರು. ಬೇಡದಿದ್ದವರಿಗೂ ಹಾಕಿದ್ದಾರೆ ಎಂಬ ಆರೋಪದ ಮೇಲೆ ಪೊಲೀಸ್ ಕೇಸಾಯಿತು. ಅದಕ್ಕೂ ಹಿಂದೆ ಬಿಹಾರ, ಛತ್ತೀಸಗಢ, ರಾಜಸ್ಥಾನಗಳಲ್ಲಿ ಬೇಕಿಲ್ಲದ ಹೆಂಗಸರಿಗೂ ಗರ್ಭಕೋಶ ತೆಗೆದ ಪ್ರಕರಣಗಳು ಹೊರಬಿದ್ದವು. ಆ ವಿಷಯ ಸುಪ್ರೀಂ ಕೋರ್ಟಿಗೂ ಹೋಗಿ, 2023ರಲ್ಲಿ ರಾಜ್ಯಗಳು ಮಾರ್ಗಸೂಚಿ ಜಾರಿಗೆ ತರಬೇಕು ಎಂಬ ಆದೇಶ ಬಂತು. ಇಲ್ಲೂ ಪೈಪೋಟಿ ಜೋರಾಗಿಯೇ ಇತ್ತು ನೋಡಿ. ಆದರೆ ಪೈಪೋಟಿ ಇದ್ದದ್ದು ಪ್ಯಾಕೇಜಿಗಾಗಿ. ದರ ಪಟ್ಟಿಯಲ್ಲಿ ಯಾವ ಸಾಲಿನಲ್ಲಿ ಲಾಭ ಉಳಿಯುತ್ತದೋ ಆ ಸಾಲಿನ ಕಾಯಿಲೆ ಊರಲ್ಲಿ ದಿಢೀರ್ ಜಾಸ್ತಿಯಾಗುತ್ತದೆ.

ಗುಜರಾತಿನ ಚಿರಂಜೀವಿ ಯೋಜನೆಯವರು ಇದನ್ನು ತಪ್ಪಿಸಲು ಒಳ್ಳೆಯ ಉಪಾಯ ಮಾಡಿದ್ದರು. ಬಡ ಹೆಂಗಸರ ಹೆರಿಗೆಗೆ ಖಾಸಗಿ ವೈದ್ಯರಿಗೆ 100 ಹೆರಿಗೆಗೆ ಇಷ್ಟು ಎಂದು ಒಟ್ಟಾಗಿ ಕೊಡುವುದು, ನಾರ್ಮಲ್ ಆದರೂ ಅಷ್ಟೇ, ಸಿಜೇರಿಯನ್ ಆದರೂ ಅಷ್ಟೇ. ಸುಮ್ನೆ ಕೊಯ್ಯುವ ಆಸೆಯೇ ಹುಟ್ಟುವುದಿಲ್ಲ. ಉಪಾಯ ಸರಿ, ಆದರೆ ಕಷ್ಟದ ಹೆರಿಗೆ ಬಂದಾಗ ಅದನ್ನು ದೊಡ್ಡಾಸ್ಪತ್ರೆಗೆ ಸಾಗಹಾಕುವ ಆಸೆ ಹುಟ್ಟುತ್ತದಲ್ಲ! ಕೊನೆಗೆ 2014ರ ಅಧ್ಯಯನವೊಂದು, ಯೋಜನೆಯಿಂದ ಆಸ್ಪತ್ರೆ ಹೆರಿಗೆಗಳು ಹೆಚ್ಚಾದ ಲಕ್ಷಣವೂ ಇಲ್ಲ, ಮನೆಯವರ ಖರ್ಚು ಇಳಿದ ಲಕ್ಷಣವೂ ಇಲ್ಲ ಎಂದಿತು.

ಈಗ ನಿಮ್ಮ ಎರಡನೆಯ ಪ್ರಶ್ನೆ. ದುಡ್ಡನ್ನು ಜಿಲ್ಲಾಸ್ಪತ್ರೆಗೇ ಕೊಡಬಾರದಿತ್ತಾ? ನನ್ನ ಮನಸ್ಸು ಇರುವುದೂ ಆ ಕಡೆಗೇ. ಆದರೆ ಕೊಟ್ಟ ದುಡ್ಡು ಅಲ್ಲಿ ನಿಲ್ಲುತ್ತದಾ ಎಂದು ಮೊದಲು ಕೇಳಬೇಕು. 1990ರ ದಶಕದ ಶುರುವಿನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಬಡ ರೋಗಿಗಳನ್ನು ಹೆಚ್ಚಾಗಿ ನೋಡುವ ಆಸ್ಪತ್ರೆಗಳಿಗೆ ಸರ್ಕಾರ ಹೆಚ್ಚಿನ ದುಡ್ಡು ಕೊಡಲು ಹೊರಟಿತು. ಮಾರ್ಕ್ ಡಗ್ಗನ್ ಎಂಬ ಅರ್ಥಶಾಸ್ತ್ರಜ್ಞ ಆ ದುಡ್ಡಿನ ಹೆಜ್ಜೆ ಹಿಡಿದು ಹೋದರು. ಖಾಸಗಿ ಆಸ್ಪತ್ರೆಗಳು, ಲಾಭಕ್ಕಾಗಿ ನಡೆಯುವವೂ ಸರಿ, ಧರ್ಮಾರ್ಥ ಅನ್ನಿಸಿಕೊಂಡವೂ ಸರಿ, ಸರ್ಕಾರಿ ವಿಮೆ ಇದ್ದ ಬಡವರನ್ನು ಸರ್ಕಾರಿ ಆಸ್ಪತ್ರೆಯಿಂದ ತಮ್ಮ ಕಡೆ ಎಳೆದುಕೊಂಡವು. ಯಾವ ವಿಮೆಯೂ ಇಲ್ಲದವರು ಸರ್ಕಾರಿ ಆಸ್ಪತ್ರೆಗೇ ಉಳಿದರು. ಕೆನೆ ಒಬ್ಬರಿಗೆ, ಮಜ್ಜಿಗೆ ಇನ್ನೊಬ್ಬರಿಗೆ. ಸರ್ಕಾರಿ ಆಸ್ಪತ್ರೆಗಳಿಗೂ ಹೊಸ ದುಡ್ಡು ಬಂತು. ಆದರೆ ಅದು ಬಂದಷ್ಟನ್ನೂ ಸ್ಥಳೀಯ ಸರ್ಕಾರಗಳು ತಾವು ಮೊದಲು ಕೊಡುತ್ತಿದ್ದ ಅನುದಾನದಿಂದ ಕಡಿದುಕೊಂಡವು. ಆಸ್ಪತ್ರೆಯ ಗೋಡೆಗೆ ಸುಣ್ಣವೂ ಹೆಚ್ಚಿಗೆ ಬೀಳಲಿಲ್ಲ.

ನಮ್ಮಲ್ಲೂ ಸರ್ಕಾರಿ ಆಸ್ಪತ್ರೆಗಳು ಇದೇ ಯೋಜನೆಯಲ್ಲಿ ಕ್ಲೇಮ್ ಹಾಕಿ ದುಡ್ಡು ಪಡೆಯಬಹುದು. ನಾನು ಯಾವ ಜಿಲ್ಲೆಗೆ ಹೋದರೂ ಮೊದಲು ಕೇಳುವುದು ಇದನ್ನೇ: ಕ್ಲೇಮ್ ದುಡ್ಡು ಬಂದ ವರ್ಷ ಇಲಾಖೆಯ ಅನುದಾನ ಎಷ್ಟಿತ್ತು? ಆ ದುಡ್ಡಿನಲ್ಲಿ ಆಸ್ಪತ್ರೆಯೇ ಸಣ್ಣ ರಂಧ್ರದಿಂದ ಆಪರೇಷನ್ ಮಾಡುವ ಲ್ಯಾಪ್ರೊಸ್ಕೋಪ್ ಕೊಳ್ಳಲು, ಅರಿವಳಿಕೆ ವೈದ್ಯರನ್ನು ಗುತ್ತಿಗೆ ಮೇಲೆ ಕರೆಸಲು ಸ್ವಾತಂತ್ರ್ಯವಿದೆಯಾ, ಇಲ್ಲ ಪ್ರತಿಯೊಂದಕ್ಕೂ ಬೆಂಗಳೂರಿನ ಕಡತ ಕಾಯಬೇಕಾ? ಸ್ವಾತಂತ್ರ್ಯ ಇದ್ದರೆ ಏನಾಗುತ್ತದೆ ನೋಡಲು ಜಯದೇವಕ್ಕಿಂತ ದೂರ ಹೋಗಬೇಕಿಲ್ಲ. ಸರ್ಕಾರದ್ದೇ ಸಂಸ್ಥೆ, ಆದರೆ ಸ್ವಾಯತ್ತ. ಬೆಂಗಳೂರಿನ ಜೊತೆಗೆ ಮೈಸೂರು, ಕಲಬುರಗಿಯಲ್ಲೂ ಇದೆ. ಹೃದಯದ ವಿಷಯದಲ್ಲಿ ಖಾಸಗಿಯವರು ಹೇಳಿದ ದರ ಕೇಳಿ ‘ಹಾಗಾದರೆ ಜಯದೇವಕ್ಕೆ ಹೋಗುತ್ತೇವೆ ಬಿಡಿ’ ಎಂದು ರೋಗಿ ಎದ್ದು ಬರಬಹುದು. ಆ ಒಂದು ಮಾತಿಗೆ ಇರುವ ತೂಕ, ಐದು ಖಾಸಗಿ ಆಸ್ಪತ್ರೆ ಒಂದೇ ರಸ್ತೆಯಲ್ಲಿದ್ದರೂ ಬರುವುದಿಲ್ಲ. ಖಾಸಗಿಗೆ ಸರಿಯಾದ ಪೈಪೋಟಿ ಕೊಡುವುದು ಒಳ್ಳೆಯ ಸರ್ಕಾರಿ ಆಸ್ಪತ್ರೆಯೇ ಅನ್ನುವುದು ನನ್ನ ಅಭಿಪ್ರಾಯ. ಒಪ್ಪದವರೂ ಇದ್ದಾರೆ.

ನಿಮಗೆ ಬರೆದುಕೊಟ್ಟ ಆ ರೆಫರಲ್ ಚೀಟಿಯ ಬಗ್ಗೆಯೂ ಒಂದು ಮಾತು. ತುರ್ತು ಸಂದರ್ಭ ಬಿಟ್ಟರೆ ನಮ್ಮ ರಾಜ್ಯದಲ್ಲಿ ಸರ್ಕಾರಿ ಆಸ್ಪತ್ರೆ ಬರೆದುಕೊಟ್ಟ ಮೇಲೆಯೇ ಖಾಸಗಿಗೆ ಹೋಗಬೇಕು. ಪೈಪೋಟಿಯ ಪಕ್ಷದವರಿಗೆ ಈ ನಿಯಮ ಕಂಡರೆ ಆಗುವುದಿಲ್ಲ, ರೋಗಿಯ ಆಯ್ಕೆಗೆ ಅಡ್ಡ ಅನ್ನುತ್ತಾರೆ. ನನಗೆ ಇದು ಇರಲಿ ಅನ್ನಿಸುತ್ತದೆ. ಬೇಡದ ಆಪರೇಷನ್ನಿಗೆ ಇದೊಂದು ತಡೆ, ಸರ್ಕಾರಿ ಥಿಯೇಟರ್ ಖಾಲಿ ಹೊಡೆಯುವುದಕ್ಕೂ ತಡೆ. ಆದರೆ ಚೀಟಿ ಬರೆಯುವವರು ಸಂಜೆ ಎಲ್ಲಿ ಪ್ರಾಕ್ಟೀಸ್ ಮಾಡುತ್ತಾರೆ ಎಂದು ಯಾರಾದರೂ ನೋಡುತ್ತಿರಬೇಕು, ಅಷ್ಟೇ.

ಇನ್ನು ಗುಣಮಟ್ಟ. ಎನ್‌ಎಬಿಎಚ್ ಎಂಬ, ಆಸ್ಪತ್ರೆಗಳ ಗುಣಮಟ್ಟ ನೋಡುವ ರಾಷ್ಟ್ರೀಯ ಮಂಡಳಿಯ ಮಾನ್ಯತೆ ಇದ್ದರೆ ಆಯುಷ್ಮಾನ್ ಯೋಜನೆಯಲ್ಲಿ ಪ್ಯಾಕೇಜಿನ ಮೇಲೆ ಹೆಚ್ಚಿಗೆ ಕೊಡುವ ಏರ್ಪಾಟಿದೆ. ಮೊದಲ ಹಂತದ ಮಾನ್ಯತೆಗೆ 10%, ಪೂರ್ತಿ ಮಾನ್ಯತೆಗೆ 15%. ಒಳ್ಳೆಯದೇ. ಆದರೆ ಮಾನ್ಯತೆ ಹೆಚ್ಚಾಗಿ ನೋಡುವುದು ಕ್ರಮಗಳು ಸರಿ ಇವೆಯಾ, ದಾಖಲೆ ಇದೆಯಾ ಎಂದು. ರೋಗಿ ಗುಣವಾಗಿ ಮನೆಗೆ ಹೋಗಿ ಚೆನ್ನಾಗಿದ್ದಾನಾ ಅನ್ನುವುದು ಬೇರೆ ವಿಷಯ. ಅದನ್ನು ನೋಡಬಲ್ಲವರು ಒಬ್ಬರಿದ್ದಾರೆ, ಯೋಜನೆ ನಡೆಸುವ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಯೋಚನೆ ಮಾಡಿ: ನಿಮ್ಮ ತಾಯಿಯವರಿಗೆ ಒಂದು ಆಸ್ಪತ್ರೆಯಲ್ಲಿ ಪಿತ್ತಕೋಶ ತೆಗೆದರು ಅನ್ನೋಣ. ಇಪ್ಪತ್ತು ದಿನ ಬಿಟ್ಟು ಹೊಟ್ಟೆಯಲ್ಲಿ ಸೋಂಕಾಗಿ ಬೇರೆ ಊರಿನ ಆಸ್ಪತ್ರೆ ಸೇರಿದರು. ಮೊದಲ ಸರ್ಜನ್‌ಗೆ ಅದು ಗೊತ್ತೇ ಆಗುವುದಿಲ್ಲ, ಅವರ ಪುಸ್ತಕದಲ್ಲಿ ಈ ಕೇಸ್ ‘ಗುಣಮುಖ’. ಆದರೆ ಎರಡೂ ಕ್ಲೇಮ್ ಒಂದೇ ಕಾರ್ಡ್ ನಂಬರಿನಲ್ಲಿ ಟ್ರಸ್ಟಿನ ಕಂಪ್ಯೂಟರಿಗೆ ಬಂದಿರುತ್ತವೆ. ಪ್ರತಿ ಆಸ್ಪತ್ರೆಯಿಂದ ಹೋದವರಲ್ಲಿ ತಿಂಗಳೊಳಗೆ ಎಲ್ಲಿಯಾದರೂ ಮತ್ತೆ ದಾಖಲಾದವರು ನೂರಕ್ಕೆ ಎಷ್ಟು ಎಂದು ಲೆಕ್ಕ ಹಾಕಿ, ವಯಸ್ಸು, ಕಾಯಿಲೆಯ ತೀವ್ರತೆಗೆ ಸರಿಹೊಂದಿಸಿ, ಯೋಜನೆಯ ರೋಗಿಗಳಿಗೆ ನೆರವಾಗಲು ಆಸ್ಪತ್ರೆಯಲ್ಲಿ ಕೂರುವ ಆರೋಗ್ಯಮಿತ್ರರ ಕೌಂಟರಿನ ಮೇಲೆ ಕನ್ನಡದಲ್ಲಿ ಒಂದು ಹಾಳೆ ಅಂಟಿಸಿದರೆ ಸಾಕು. ದುಡ್ಡಿನ ಖರ್ಚು ಹೆಚ್ಚಿಲ್ಲ. ಕಷ್ಟ ಇರುವುದು ಆಸ್ಪತ್ರೆಗಳ ಗಲಾಟೆ ತಡೆದುಕೊಳ್ಳುವುದರಲ್ಲಿ.

ದಾಖಲೆ ಶುದ್ಧವಾಗಿರಬೇಕು ಅನ್ನುವುದೂ ನಿಜ. ದೇಶದ ಮಟ್ಟದ ಆಯುಷ್ಮಾನ್ ದಾಖಲೆಗಳಲ್ಲಿ ಒಂದೇ ಮೊಬೈಲ್ ನಂಬರಿಗೆ ಸುಮಾರು 7.5 ಲಕ್ಷ ಫಲಾನುಭವಿಗಳು ಜೋಡಣೆಯಾಗಿದ್ದನ್ನು 2023ರಲ್ಲಿ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿಯೇ ಎತ್ತಿ ತೋರಿಸಿತ್ತು.

ಕೊನೆಗೆ ನಿಮ್ಮ ದುಡ್ಡು. ತಾಯಿಯವರ ಡಿಸ್ಚಾರ್ಜ್ ಸಮ್ಮರಿ ಇಟ್ಟುಕೊಂಡಿದ್ದೀರಾ? ಅದನ್ನು, ಕಾರ್ಡನ್ನು ತಗೊಂಡು ಆ ಆಸ್ಪತ್ರೆಯ ಆರೋಗ್ಯಮಿತ್ರರ ಹತ್ತಿರ ಹೋಗಿ, ಯಾವ ಪ್ಯಾಕೇಜಿನಲ್ಲಿ ಕ್ಲೇಮ್ ಹಾಕಿದ್ದರು, ಎಷ್ಟು ಮೊತ್ತ ಎಂದು ಕೇಳಿ. ಹೊರಗಿನ ಔಷಧ ಅಂಗಡಿಯ ಚೀಟಿ, ಫೋನ್ ಪೇ ಮಾಡಿದ್ದರೆ ಅದರ ಸ್ಕ್ರೀನ್‌ಶಾಟ್ ಹುಡುಕಿ ಇಟ್ಟುಕೊಳ್ಳಿ. 14555ಕ್ಕೆ ಫೋನ್ ಮಾಡಿ ದೂರು ದಾಖಲಿಸಿ, ದೂರಿನ ನಂಬರ್ ಬರೆದುಕೊಳ್ಳಿ. ಅದೇ ದೂರನ್ನು ಬರೆದು ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಗೂ ಕೊಟ್ಟು, ನಿಮ್ಮ ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ. ರಸೀದಿ ಕೊಡಲಿಲ್ಲ ಅನ್ನುವುದನ್ನು ಮೊದಲ ಸಾಲಿನಲ್ಲೇ ಬರೆಯಿರಿ.